ಹನ್ನೊಂದನೆಯ ಚಂದ್ರ

ಬೆಳಗ್ಗೆ ಏಳಕ್ಕೇ ಇಂದ್ರಮ್ಮ ಭೈರೇಶನ ತಾರಸಿಗೆ ಏರಿಬಂದಳು.

"ನಿನ್ನೆ ಊರೆಲ್ಲಾ ಮಳೆ. ಪಕ್ಕದ ಮನೆ ಗಂಗರತ್ನಮ್ಮ ಚಂದ್ರ ಕಾಣ್ದೆ ಉಪವಾಸ ಮಲಗವ್ಳೆ. ನನಗೊಬ್ಳಿಗೆ ಅದ್ಯಾವ ಚಂದ್ರ ತೋರಿಸ್ದೆ ಕಣ್ಲಾ?"

ಟೆಲಿಸ್ಕೋಪಿಗೆ ಹೊದಿಸಿದ ಟಾರ್ಪಾಲಿನ ನೀರು ಕೊಡವುತ್ತಿದ್ದ ಭೈರೇಶ್ ಪಿಳಿಪಿಳಿ ಕಣ್ಣು ಬಿಟ್ಟ.

ಅವರ ಊರು ಆಲಸನತ್ತದಲ್ಲಿ ಮಹಡಿ ಮೇಲೆ ಮಹಡಿ ಎದ್ದ ಮೇಲೆ ಚಂದ್ರ ಹುಟ್ಟುವುದು ಯಾರಿಗೂ ಕಾಣುತ್ತಿರಲಿಲ್ಲ. ಕಾರ್ಖಾನೆ ಕೆಲಸ ಮುಗಿಸಿ ಬಂದ ಭೈರೇಶ್ ಆಕಾಶವನ್ನು ಎಲ್ಲರ ಫೋನಿಗೂ ಲೈವ್ ಬಿಡುತ್ತಿದ್ದ. ಅವನಿಗೆ ಶನಿಗ್ರಹದ ಬಳೆ ತೋರಿಸುವ ಆಸೆ. ಹೆಂಗಸರಿಗೆ ಬೇಕಾದದ್ದು ಸಂಕಷ್ಟಿಯ ಚಂದ್ರ. ಪಾಪ, ತಿಂಗಳಿಗೊಮ್ಮೆ ಅದನ್ನೂ ತೋರಿಸುತ್ತಿದ್ದ. ಅದನ್ನು ನೋಡಿದ ಮೇಲೇ ಅವರು ಉಪವಾಸ ಬಿಡುತ್ತಿದ್ದರು.

ಇಂದ್ರಮ್ಮನದು ಹನ್ನೊಂದು ಸಂಕಷ್ಟಿಯ ಹರಕೆ. ಕೆಲಮಂಗಲದಲ್ಲಿ ಅಂಗಡಿ ಇಟ್ಟಿರುವ ತಮ್ಮ ಶ್ರೀನಿವಾಸ್, ಅವಳ ಮಗಳು ಪದ್ಮಶ್ರೀಯನ್ನು ಮದುವೆಯಾಗಲು ಒಪ್ಪಬೇಕು. ಅವನು ಮೀನಮೇಷ ಎಣಿಸುತ್ತಿದ್ದ. ಮಗಳೇನೂ ತಕರಾರು ಎತ್ತಿರಲಿಲ್ಲ. ಫೋನ್ ಒತ್ತಲು ಬಾರದ ತಾಯಿಗೆ ತಿಂಗಳು ತಿಂಗಳೂ ಚಂದ್ರನನ್ನು ತೋರಿಸಿ, ತಟ್ಟೆಗೆ ಬಡಿಸುತ್ತಿದ್ದವಳೂ ಅವಳೇ. ನಿನ್ನೆಯದು ಕೊನೆಯ ಸಂಕಷ್ಟಿ. ಮಳೆಯಲ್ಲೂ ಫೋನಿನಲ್ಲಿ ಚಂದ್ರ ಕಂಡಾಗ, ಟೆಲಿಸ್ಕೋಪಿಗೆ ಮೋಡದಾಚೆಗೂ ಕಾಣುತ್ತದೆಂದು ನಂಬಿ ಇಂದ್ರಮ್ಮ ಉಂಡುಬಿಟ್ಟಿದ್ದಳು.

"ಹತ್ತು ತಿಂಗ್ಳ ಉಪವಾಸ ಮಣ್ಣುಪಾಲು ಮಾಡ್ಬುಟ್ಟೆ. ನಂಬಿಸಿ ಕತ್ತು ಕೊಯ್ದೆ." ಎಂದಳು ಇಂದ್ರಮ್ಮ.

"ಇಂದ್ರಮ್ಮೋರೆ, ನಿನ್ನೆ ನಾನು ಲೈವೇ ಬಿಟ್ಟಿಲ್ಲ. ಮಳೆ, ಇವತ್ತು ಚಂದ್ರ ಇಲ್ಲ ಅಂತ ಗ್ರೂಪಿಗೆ ಹಾಕಿದ್ನಲ್ಲ. ನಿಮ್ ಪದ್ಮಶ್ರೀನೇ ಹೋದ ತಿಂಗ್ಳ ವಿಡಿಯೊ ಕೇಳಿ ಇಸ್ಕೊಂಡ್ಳು."

ಮೊದಲು ಸಿಟ್ಟು ನೆತ್ತಿಗೇರಿತು. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಮೋಸ ಮಾಡಿದಳಲ್ಲ! ಮೆಟ್ಟಿಲು ಇಳಿಯುತ್ತ ಇಳಿಯುತ್ತ ಸಿಟ್ಟೂ ಇಳಿಯಿತು. ಮಳೆ ಬಿಡುವ ಹಾಗಿಲ್ಲ, ಅಮ್ಮ ರಾತ್ರಿಯೆಲ್ಲ ಹಸಿದಿರುತ್ತಾಳೆ ಎಂದು ತಾನೇ ಮಾಡಿದ್ದು? ಇನ್ನೊಂದು ಸಂಕಷ್ಟಿ ಇದ್ದರಾಯಿತು.

ಪದ್ಮಶ್ರೀ ಕಂಪನಿ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು.

"ನಾನು ಹಸ್ಕೊಂಡಿರ್ತೀನಿ ಅಂತ ಹಂಗ್ ಮಾಡಿದ್ಯೇನೆ? ಹೋಗ್ಲಿ ಬಿಡು. ಮುಂದಿನ ತಿಂಗ್ಳು ಇನ್ನೊಂದು ಇರ್ತೀನಿ."

"ಬ್ಯಾಡಮ್ಮ. ನಿನ್ ವ್ರತ ಕೆಡ್ಲಿ ಅಂತ್ಲೇ ತೋರಿಸಿದ್ದು. ನನ್ನ ಒಂದು ಮಾತೂ ಕೇಳ್ದೆ ಹೋಗಿ ದೇವ್ರನ್ನ ಕೇಳ್ಕೊಂಡ್ಯಲ್ಲ, ಅವನೆಲ್ಲಿ ಕೊಟ್ಬುಡ್ತಾನೋ ಅಂತ ಭಯ ಆಯ್ತು."