ಬೈಕಿನ ಹಳದಿ ದೀಪ

ಪ್ಲಗ್ಗು ಕಳಚಿಕೊಂಡದ್ದಕ್ಕೂ ಗೇಟು ಕಿರ್ರೆಂದದ್ದಕ್ಕೂ ಸರಿಹೋಯಿತು. ಮಗನ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಚಿಕ್ಕಬೈರಪ್ಪ ದಡಬಡನೆ ಎದ್ದು ಕೈಗಳನ್ನು ಪಂಚೆಯಲ್ಲಿ ಅಡಗಿಸಿಕೊಂಡ. ಬಂದವರು ಮೇಲಿನ ಮನೆಯ ಬಾಡಿಗೆಯವರು. ನಮಸ್ಕಾರ ಹೇಳಿ ಮೆಟ್ಟಿಲು ಹತ್ತಿ ಹೋದರು.

ನೋಡಿ ಗ್ರಹಚಾರ! ಕೊಡಿಗೇಹಳ್ಳಿಯಲ್ಲಿ ನಾಲ್ಕು ಜನಕ್ಕೆ ನ್ಯಾಯ ಹೇಳುವ ಯಜಮಾನ ತನ್ನ ಅಂಗಳದಲ್ಲೇ ಕಳ್ಳನಾಗಿದ್ದ. ಯೂಟ್ಯೂಬ್ ನೋಡಿ ಕಲಿತ ವಿದ್ಯೆ ಅದು. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ಪ್ಲಗ್ಗು ಬಿಚ್ಚಿಟ್ಟರೆ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ, ಗಾಡಿ ಕೆಮ್ಮುತ್ತದೆ. ಕೆಮ್ಮುವ ಗಾಡಿಯಲ್ಲಿ ಲಡಾಖಿಗೆ ಯಾರು ಹೋಗುತ್ತಾರೆ? ಮಗ ಶರತ್ ತನ್ನ ಗುಂಪಿನೊಂದಿಗೆ ಹೊರಡುವುದು ನಾಳೆ ಬೆಳಿಗ್ಗೆ.

ಹೋಗಬೇಡ ಎಂದು ಬಾಯಿಬಿಟ್ಟೇ ಹೇಳಬಹುದಿತ್ತಲ್ಲ ಎನ್ನಬೇಡಿ. ಶುಕ್ರವಾರ ಬೈಕಿಗೆ ಪೂಜೆಯಾಗಿತ್ತು, ಚಕ್ರದಡಿಯ ನಿಂಬೆಹಣ್ಣು ನುಜ್ಜಾಗಿತ್ತು. ಪೂಜೆಯಾದ ಮೇಲೆ ಪ್ರಯಾಣಕ್ಕೆ ಅಡ್ಡಮಾತು ಆಡಿದರೆ, ಆಡಿದ ಕೆಟ್ಟದ್ದೇ ದಾರಿಯಲ್ಲಿ ಎದುರಾಗುತ್ತದೆ ಎಂಬುದು ಆ ಮನೆಯ ನಂಬಿಕೆ. ಬಾಯಿ ಕಟ್ಟಿಹಾಕಿದ್ದಕ್ಕೇ ಕೈ ಕೆಲಸ ಮಾಡಿತ್ತು. ಒಳಗೆ ಹೆಂಡತಿ ಮರಿಯಮ್ಮ ಕೂಡ ತುಟಿಪಿಟಕ್ಕೆನ್ನದೆ ಪ್ರಯಾಣಕ್ಕೆಂದು ಚಕ್ಕುಲಿ ಕರಿಯುತ್ತಿದ್ದಳು.

ಹೋದ ವರ್ಷ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಇದೇ ಗುಂಪಿನ ಹುಡುಗನೊಬ್ಬ ಲಾರಿಯಡಿ ಸಿಕ್ಕಿ ಸತ್ತಿದ್ದ. ಅವನ ಹಿಂದಿನ ಬೈಕಿನಲ್ಲೇ ಇದ್ದವನು ಶರತ್. ಅವತ್ತಿನಿಂದ ಚಿಕ್ಕಬೈರಪ್ಪನಿಗೆ ನಿದ್ದೆಯಿಲ್ಲ. ಮಗ ಮಾತ್ರ ಸತ್ತವನ ಹೆಸರನ್ನೇ ಎತ್ತಲಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಹೆಲ್ಮೆಟ್ ತೊಟ್ಟು ಗುಂಪಿನ ಜೊತೆ ಹೊರಟ. ಈಗಿನ ಹುಡುಗರ ಎದೆಯಲ್ಲಿ ಕಲ್ಲಿದೆಯೋ ಏನೋ ಎಂದು ಅಪ್ಪ ಒಳಗೊಳಗೇ ಕುದಿದ.

ಮಧ್ಯಾಹ್ನ ಶರತ್ ಬೈಕ್ ಸ್ಟಾರ್ಟ್ ಮಾಡಿದ. ಹಳದಿ ದೀಪ ಹತ್ತಿತು. ಎಂಜಿನ್ ಗೊರಗೊರ ಎಂದಿತು. ಚಿಕ್ಕಬೈರಪ್ಪ ಬೈಗುಳಕ್ಕೆ ಕಾದ. ಶರತ್ ಬೈಯಲಿಲ್ಲ, ಬಗ್ಗಿಯೂ ನೋಡಲಿಲ್ಲ. ಕೀ ತೆಗೆದು ಗುಂಪಿನ ಲೀಡರ್ ಆಂಜಿಗೆ ಫೋನ್ ಮಾಡಿ, ಗಾಡಿ ಕೈಕೊಟ್ಟಿದೆ, ಸರ್ವೀಸ್‌ನವರು ವಾರ ತಗೋತಾರೆ, ನೀವು ಹೊರಡಿ ಎಂದ. ಅಷ್ಟು ತಣ್ಣಗೆ! ಸಿಟ್ಟನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾನೆ ಪಾಪ, ಅಂದುಕೊಂಡ ಅಪ್ಪ.

ಆಂಜಿ ಸುಮ್ಮನೆ ಬಿಡುವ ಆಸಾಮಿಯಲ್ಲ. ಮುನಿಆಂಜಿನಪ್ಪ ಎಂಬ ತಾತನ ಹೆಸರನ್ನು ಮೊಟಕು ಮಾಡಿಕೊಂಡು ಮೆರೆಯುವ ಹುಡುಗ. ವಿದ್ಯಾರಣ್ಯಪುರದಿಂದ ಹಾರಿಬಂದು ಜೇಬಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ ತೆಗೆದ. ಆನ್‌ಲೈನಿನಲ್ಲಿ ತರಿಸಿದ ಸ್ಕ್ಯಾನರ್ ಅದು. ಸೀಟಿನಡಿ ಸಿಕ್ಕಿಸಿದರೆ ಸಾಕು, ಗಾಡಿಯ ಯಾವ ಭಾಗ ಕೆಟ್ಟಿದೆ ಎಂದು ಮೊಬೈಲಿನಲ್ಲಿ ಕೋಡ್ ಬರುತ್ತದಂತೆ. ಸರ್ವೀಸ್ ಸೆಂಟರಿನ ಮುಖವನ್ನೇ ನೋಡಬೇಕಿಲ್ಲವಂತೆ.

ಚಿಕ್ಕಬೈರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೇಟಿನವರೆಗೆ ಹೋದ, ಬಂದ, ಮತ್ತೆ ಹೋದ. ಮೊದಲು ಊಟ ಮಾಡು ಎಂದ. ಕಾಫಿ ಕುಡಿ ಎಂದ. ಬಿಸಿಲಲ್ಲಿ ಯಾಕೆ ಒದ್ದಾಡ್ತೀಯ, ಸಂಜೆ ನೋಡಿದರಾಯಿತು ಎಂದ. ಆಂಜಿ ಯಾವುದಕ್ಕೂ ಬಗ್ಗಲಿಲ್ಲ.

ಶರತ್ ಕೂಡ ಅವನ ರಟ್ಟೆ ಹಿಡಿದ. “ಬಿಡು ಮಚ್ಚಾ. ಇದು ಮನೇಲಿ ಸರಿಹೋಗೋದಲ್ಲ.”

ಹುಡುಗ ಆಸೆಯನ್ನೇ ಬಿಟ್ಟುಬಿಟ್ಟಿದ್ದಾನಲ್ಲ ಎಂದು ಅಪ್ಪನಿಗೆ ಇನ್ನಷ್ಟು ಸಂಕಟವಾಯಿತು.

“ಇದು ಸುಳ್ಳು ಹೇಳಲ್ಲ ಅಂಕಲ್,” ಎಂದ ಆಂಜಿ, ಡಬ್ಬಿಯನ್ನು ಸಿಕ್ಕಿಸುತ್ತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಕ್ಕಬೈರಪ್ಪ ಪಂಚೆಗೆ ಕೈ ಒರೆಸಿಕೊಂಡ.

ಮೊಬೈಲಿನಲ್ಲಿ ಕೋಡ್ ಮೂಡಿತು. ಎಂಜಿನ್ ಬಿಸಿಯ ಸೆನ್ಸರ್, ಲೈನ್ ಕಟ್. ಆಂಜಿ ಬಗ್ಗಿ ಟಾರ್ಚ್ ಬಿಟ್ಟು ನೋಡಿದ. ಪ್ಲಗ್ಗು ವೈರಿನಲ್ಲಿ ಜೋತಾಡುತ್ತಿತ್ತು. ಟಕ್ ಎಂದು ಕೂರಿಸಿ ಎದ್ದವನ ಮುಖದಲ್ಲಿ ನಗು ಇರಲಿಲ್ಲ.

ಕೆಳಗೆ ಇನ್ನೊಂದು ಕೋಡ್ ಇತ್ತು. ಎಂಜಿನ್ನಿಗೆ ಹೋಗುವ ಗಾಳಿಯ ಸೆನ್ಸರಿನದು. ಸೀಟಿನಡಿ ಕೈಹಾಕಿ ನೋಡಿದರೆ ಅದರ ಪ್ಲಗ್ಗೂ ಬಿಚ್ಚಿತ್ತು.

“ಕ್ಲಿಪ್ ಒತ್ತದೆ ಇವು ತಾನಾಗಿ ಬಿಚ್ಚಲ್ಲ. ಯಾರೋ ಬೇಕಂತ್ಲೇ ತೆಗೆದಿದ್ದಾರೆ ಗುರು.”

ಎರಡು? ಚಿಕ್ಕಬೈರಪ್ಪ ಮುಟ್ಟಿದ್ದು ಒಂದನ್ನೇ. ಮರಿಯಮ್ಮ ಆ ಗಾಡಿಗೆ ಕುಂಕುಮ ಹಚ್ಚಿದ್ದು ಬಿಟ್ಟರೆ ಹತ್ತಿರ ಸುಳಿದವಳಲ್ಲ. ಮಗನ ಕಡೆ ನೋಡಿದ. ಶರತ್ ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣು ಅಪ್ಪನ ಮೇಲೇ ಇತ್ತು. ಮುಗಿಯಿತು, ಇವನಿಗೆ ತಿಳಿದುಹೋಯಿತು, ಇನ್ನು ಜನ್ಮದಲ್ಲಿ ನನ್ನನ್ನು ಅಪ್ಪಾ ಅನ್ನುವುದಿಲ್ಲ ಎಂದು ಚಿಕ್ಕಬೈರಪ್ಪನ ಎದೆ ಒಡೆಯಿತು. ಆದರೂ ಇನ್ನು ಸುಮ್ಮನಿದ್ದರೆ ನಾಳೆ ಗಾಡಿ ಹೊರಡುತ್ತದೆ. ಶಕುನ ಹಾಳಾಗಿ ಹೋಗಲಿ.

“ನಾನೇ ಕಣೋ ತೆಗ್ದಿದ್ದು,” ಎಂದ. “ಓಗ್ಬೇಡ ಅನ್ನೋಕೆ ಬಾಯಿ ಬರ್ದೆ ಇಂಗೆ ಮಾಡ್ದೆ. ಆ ಮಗು ಲಾರಿ ಕೆಳ್ಗೆ ಬಿದ್ದಿದ್ದು ದಿನಾ ಕಣ್ಮುಂದೆ ಬತ್ತದೆ. ಅಲ್ಲಿ ಕಾಣೋ ಮಕ ಮಾತ್ರ ನಿಂದು.” ಉಸಿರು ಎಳೆದುಕೊಂಡು ಆಂಜಿಯ ಕಡೆ ತಿರುಗಿದ. “ಆದ್ರೆ ಒಂದೇ ಕಣಪ್ಪ. ದೇವ್ರಾಣೆಗೂ ಒಂದೇ ತೆಗ್ದಿದ್ದು.”

ಆಂಜಿ ತಲೆ ಕೆರೆದುಕೊಂಡು ಒಮ್ಮೆ ಅಪ್ಪನನ್ನು, ಒಮ್ಮೆ ಮಗನನ್ನು ನೋಡಿದ. ಶರತ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಇನ್ನೊಂದು ನಾನು ತೆಗೆದಿದ್ದು, ಅಪ್ಪ.”