ಜಾಮೀನಿಗೆ ಯಾರೂ ಸಿಗಲಿಲ್ಲ

ಜೈಲಿನಿಂದ ಹೊರಬಂದ ಮಾದೇಶ ಮನೆಗೆ ಹೋಗಲಿಲ್ಲ. ಮುಖಕ್ಕೆ ಟವೆಲು ಸುತ್ತಿಕೊಂಡು ಚಾಮರಾಜನಗರದಲ್ಲಿ ಬಸ್ಸು ಹತ್ತಿದವನು ಹರದನಹಳ್ಳಿಯಲ್ಲಿ ಇಳಿದು ನೇರವಾಗಿ ಕುಮಾರಸ್ವಾಮಿಯ ಪಂಕ್ಚರ್ ಅಂಗಡಿಗೆ ನಡೆದ. ಟ್ಯೂಬಿಗೆ ಗಾಳಿ ತುಂಬುತ್ತಿದ್ದ ಕುಮಾರಸ್ವಾಮಿ ಗೆಳೆಯನನ್ನು ಕಂಡು ನಗುತ್ತ ಎದ್ದ. ಮಾದೇಶ ಅವನ ಕೆನ್ನೆಗೆ ಬಾರಿಸಿದ.

“ಯಾಕ್ಲಾ ಇಡ್ಕೊಟ್ಬುಟ್ಟೆ? ನಾವು ಎಲ್ಲಿದ್ದೀವಿ ಅಂತ ನಿನ್ನ ಬುಟ್ರೆ ಊರಲ್ಲಿ ಯಾರ್ಲಾ ಗೊತ್ತಿದ್ದೋರು?”

ಅಂಗಡಿಯ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕುಮಾರಸ್ವಾಮಿ ಕೈ ಎತ್ತಲಿಲ್ಲ. ಕೆನ್ನೆ ಸವರಿಕೊಂಡು ತಲೆ ತಗ್ಗಿಸಿದ.

“ಟೇಸನ್‌ಗೆ ಓಗಿದ್ದು ನಿಜ ಕಣ್ಲಾ. ಅದರ ಮೇಲೆ ನನ್ನ ಏನೂ ಕೇಳ್ಬ್ಯಾಡ. ಮನೆಗೋಗು.”

ಅಷ್ಟು ಸಾಕಾಗಿತ್ತು. ಮಾದೇಶ ಅವನ ಕಾಲ ಬಳಿ ಉಗಿದು ಹೊರಟ.

ನಾಲ್ಕು ತಿಂಗಳ ಹಿಂದೆ, ಎರಡು ಸಾವಿರದ ಆರರ ಏಪ್ರಿಲ್‌ನಲ್ಲಿ, ಅವನು ನಾಗರತ್ನಳ ಜೊತೆ ಓಡಿಹೋಗಿದ್ದ. ಅವನಿಗೆ ಹತ್ತೊಂಬತ್ತು. ಅವಳಿಗೆ ಹದಿನೇಳು ವರ್ಷ ಎಂಟು ತಿಂಗಳು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗುಂಡ್ಲುಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ತೆಗೆದುಕೊಟ್ಟವನು ಅವನೇ. ಹದಿನೆಂಟು ತುಂಬಲಿ ಎಂದು ಇಬ್ಬರೂ ಕಾಯುತ್ತಿದ್ದರು. ಅಷ್ಟರಲ್ಲಿ ಅವಳ ಅಪ್ಪ, ಅರಿಶಿನದ ವ್ಯಾಪಾರಿ ದೊಡ್ಡಮಲ್ಲಪ್ಪ, ತನ್ನ ಜಾತಿಯಲ್ಲೇ ಗಂಡು ಗೊತ್ತುಮಾಡಿ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟ.

ಕುಮಾರಸ್ವಾಮಿ ತನ್ನ ಬೈಕಿನಲ್ಲೇ ಅವರನ್ನು ಪುಣಜನೂರಿಗೆ ಬಿಟ್ಟು ಬಂದಿದ್ದ. ಅಲ್ಲಿ ಮಾದೇಶನ ಚಿಕ್ಕವ್ವನ ಮನೆಯಿತ್ತು. ನಾಗರತ್ನ ಒಳಗೆ ಚಿಕ್ಕವ್ವನ ಜೊತೆ ಮಲಗುತ್ತಿದ್ದಳು, ಮಾದೇಶ ಜಗುಲಿಯಲ್ಲಿ. ಮೂರನೆಯ ಬೆಳಗ್ಗೆ ಪೊಲೀಸ್ ಜೀಪು ಬಂತು. ಯಾರನ್ನೂ ವಿಚಾರಿಸದೆ ಸೀದಾ ಆ ಮನೆಯ ಬಾಗಿಲಿಗೇ ಬಂದು ನಿಂತಿತು.

“ನಾನೇ ಬಂದೆ, ಅವನು ಕರಕೊಂಡು ಬಂದಿಲ್ಲ,” ಎಂದು ನಾಗರತ್ನ ಎಲ್ಲರೆದುರು ಹೇಳಿದಳು. ಅದರಿಂದ ಏನೂ ಆಗಲಿಲ್ಲ. ಹದಿನೆಂಟು ತುಂಬದ ಹುಡುಗಿ ಒಪ್ಪಿ ಬಂದರೂ ಅದು ಒಪ್ಪಿಗೆಯಲ್ಲ, ಅಪ್ಪ ದೂರು ಕೊಟ್ಟರೆ ಅಪಹರಣವೇ ಎಂದರು ವಕೀಲರು. ಅಪ್ಪನ ಮನೆಗೆ ಹೋಗುವುದಿಲ್ಲವೆಂದು ಅವಳು ಹಟ ಹಿಡಿದಳು. ಅವಳನ್ನು ಮೈಸೂರಿನ ಸರ್ಕಾರಿ ಬಾಲಕಿಯರ ನಿಲಯಕ್ಕೆ ಕಳಿಸಿದರು. ಅವನನ್ನು ಜೈಲಿಗೆ.

ಅವತ್ತು ಠಾಣೆಗೆ ಬಂದ ಅವ್ವ ಕರಿಯಮ್ಮ ಅಳಲಿಲ್ಲ. ಸಬ್ ಇನ್ಸ್‌ಪೆಕ್ಟರ ಮುಂದೆ ಕೈ ಮುಗಿದು ಒಂದೇ ಮಾತು ಕೇಳಿದಳು: “ಒಳಗಡೆ ಇವನ್ನ ಯಾರೂ ಒಡಿಯಾಕಿಲ್ಲ ತಾನೇ ಸಾ?”

ಮೂರು ವಾರಕ್ಕೇ ಜಾಮೀನು ಮಂಜೂರಾಯಿತು. ಆದರೆ ಜಮೀನಿರುವ ಒಬ್ಬರು ಪಹಣಿ ತಂದು ಜಾಮೀನು ನಿಲ್ಲಬೇಕಿತ್ತು. ಪ್ರತಿ ಸೋಮವಾರ ಅವ್ವ ಜೈಲಿನ ಕಂಬಿಯಾಚೆ ಬಂದು ನಿಲ್ಲುತ್ತಿದ್ದಳು. “ಯಾರೂ ಸಿಗ್ಲಿಲ್ಲ ಕಣಪ್ಪ,” ಎನ್ನುತ್ತಿದ್ದಳು, ಅವನ ಮುಖ ನೋಡದೆ. ಅಂಗನವಾಡಿಯಲ್ಲಿ ಅಡುಗೆ ಮಾಡುವವಳು ಅವಳು. ಮಕ್ಕಳನ್ನು ಬಿಡಲು ಬಂದ ಹೆಂಗಸರು ಅವಳಿಗೆ ಕೇಳುವಂತೆಯೇ ‘ಹುಡುಗಿ ಹಾರಿಸಿದವನ ತಾಯಿ’ ಎಂದು ಮಾತಾಡಿಕೊಳ್ಳುತ್ತಾರೆಂಬುದು ಮಾದೇಶನ ಕಿವಿಗೂ ಬಿದ್ದಿತ್ತು. ಅವ್ವ ತಲೆ ಎತ್ತದಿರುವುದು ತನ್ನಿಂದಲೇ ಎಂದುಕೊಂಡು ಅವನು ಕುಗ್ಗಿಹೋಗುತ್ತಿದ್ದ. ಬರಬೇಡ ಎಂದರೂ ಮುಂದಿನ ಸೋಮವಾರ ಬರುತ್ತಿದ್ದಳು.

ಆಗಸ್ಟ್ ಹದಿನಾಲ್ಕಕ್ಕೆ ನಾಗರತ್ನಳಿಗೆ ಹದಿನೆಂಟು ತುಂಬಿತು. ನಿಲಯದಿಂದ ಹೊರಬಂದು ಮೈಸೂರಿನಲ್ಲೇ ನರ್ಸಿಂಗ್ ತರಬೇತಿಗೆ ಸೇರಿದಳು. ಮಾದೇಶನಿಗೆ ಇಪ್ಪತ್ತೊಂದು ತುಂಬುವವರೆಗೆ ಕಾಯುತ್ತೇನೆಂದು ವಕೀಲರ ಕೈಲಿ ಹೇಳಿಕಳಿಸಿದಳು. ದೊಡ್ಡಮಲ್ಲಪ್ಪ ಮಗಳು ಸತ್ತಳೆಂದು ತಲೆಗೆ ನೀರು ಹಾಕಿಕೊಂಡ. ಆ ವಾರವೇ ಊರಿನ ಸೋಮಯ್ಯ ಪಹಣಿ ಹಿಡಿದು ಜಾಮೀನು ನಿಂತ.

ಮಾದೇಶ ಮನೆ ಸೇರಿದಾಗ ಅವ್ವ ಮುದ್ದೆ ತೊಳಸುತ್ತಿದ್ದಳು. ತಟ್ಟೆಯ ಮುಂದೆ ಕೂತ ಅವನು, ಬರುವ ದಾರಿಯಲ್ಲಿ ಕುಮಾರಸ್ವಾಮಿಗೆ ಬಾರಿಸಿ ಬಂದೆ ಎಂದ.

ಅವಳ ಕೈ ನಿಂತಿತು.

“ಯಾಕ್ ಒಡ್ದೆ?”

“ಟೇಸನ್‌ಗೆ ಓಗಿದ್ದೆ ಅಂತ ಅವನೇ ಒಪ್ಕಂಡ ಕಣವ್ವ.”

“ಇನ್ನೇನಂದ?”

“ಇನ್ನೇನನ್ನಾನು? ತಲೆ ತಗ್ಗಿಸ್ದ.”

ಕರಿಯಮ್ಮ ಒಲೆಯ ಮುಂದೆ ಕುಸಿದು ಕೂತಳು. ಠಾಣೆಯಲ್ಲಿ, ಜೈಲಿನ ಬಾಗಿಲಲ್ಲಿ ಅಳದಿದ್ದವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

“ಎದ್ದೇಳು. ಓಗಿ ಅವನ ಕಾಲು ಇಡ್ಕೊ.”

“ನಾನ್ಯಾಕ್ ಇಡೀಬೇಕು?”

“ನೀವು ಓದ ಮಾರ್ನೇ ದಿನ ಆ ಹುಡ್ಗಿ ಕಡೆಯೋರು ಜೀಪಲ್ಲಿ ಬಂದಿದ್ರು. ಆರು ಜನ. ಸೀಟಡೀಲಿ ಮಚ್ಚಿದ್ವು, ನಾನೇ ಕಣ್ಣಾರ ಕಂಡೆ. ನಿನ್ನ ಚಿಕ್ಕವ್ವನ ಊರು ಯಾವ್ದು ಅಂತ ಕೇಳ್ಕೊಂಡು ಬೀದಿ ಬೀದಿ ತಿರುಗ್ತಿದ್ರು. ಇನ್ನೊಂದಿನ ಕಳ್ದಿದ್ರೆ ಪುಣಜನೂರಿಗೆ ಬಂದ್ಬುಡೋರು.”

ಅವ್ವ ಕಣ್ಣೊರೆಸಿಕೊಂಡಳು, ಆದರೆ ಮುಖ ಎತ್ತಲಿಲ್ಲ.

“ಕುಮಾರ ಗಾಡಿ ಓಡಿಸ್ದ ಅಷ್ಟೇ ಕಣಪ್ಪ. ಇಂದೆ ಕೂತ್ಕಂಡು ಓಗಿ ಪೋಲೀಸ್ನೋರ್ಗೆ ನೀನಿರೋ ಜಾಗ ಯೋಳಿದ್ದು ನಾನು. ಆ ಹುಡ್ಗೀಗೆ ಹದ್ನೆಂಟು ತುಂಬೋಗಂಟ ಜಾಮೀನಿಗೆ ಬರ್ಬ್ಯಾಡ ಅಂತ ಸೋಮಯ್ಯನ ಕಾಲಿಗೆ ಬಿದ್ದಿದ್ದೂ ನಾನೇ.”