ಗೇಣುದ್ದದ ಹಸಿರು ತಂತಿ

ಅವಳು ಎಳೆದ ಕೂಡಲೇ ಹಸಿರು ತಂತಿ ಗೋಡೆಯೊಳಗಿನ ಪೈಪಿನಿಂದ ಸರ್ರನೆ ಹೊರಬಂತು. ಒಂದು ಗೇಣು ಉದ್ದ, ಅಷ್ಟೆ. ಒಂದು ತುದಿ ಸಾಕೆಟ್ಟಿನ ಸ್ಕ್ರೂಗೆ ಬಿಗಿಯಾಗಿತ್ತು. ಇನ್ನೊಂದು ತುದಿ ಎಲ್ಲಿಗೂ ಹೋಗಿರಲಿಲ್ಲ.

"ಎಳೀಬೇಡ ಅಂದೆನಲ್ಲೇ," ಎಂದ ಅಪ್ಪ, ಏಣಿಯ ಮೇಲಿಂದ.

ಶಿಶುವಿಹಾರದ ಈ ಹೊಸ ಕಟ್ಟಡದ ವೈರಿಂಗ್ ಪೂರ್ತಿ ಅವನದೇ. ಕೆಲಸ ನಕ್ಷೆಯಂತೆ ಆಗಿದೆ ಎಂದು ರುಜು ಹಾಕಬೇಕಾದವಳು ಮಗಳು. ಅವಳಿಗೆ ಸೂಪರ್‌ವೈಸರ್ ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. ನಾಳೆ ಬೆಳಿಗ್ಗೆ ಮಕ್ಕಳು ಬರುವವರಿದ್ದರು.

ಅವಳು ನೆಲದ ಮೇಲೆ ಹರಡಿದ್ದ ನಕ್ಷೆ ನೋಡಿದಳು. ವೃತ್ತದೊಳಗೆ ಗುಣಾಕಾರದ ಗುರುತು ಇದ್ದಲ್ಲೆಲ್ಲ ದೀಪವಿತ್ತು. ಪ್ರತಿ ಸಾಕೆಟ್ಟಿನ ಪಕ್ಕದಲ್ಲಿ ಒಂದರ ಕೆಳಗೊಂದು ಚಿಕ್ಕದಾಗುತ್ತ ಹೋಗುವ ಮೂರು ಗೆರೆಗಳು: ಅರ್ಥಿಂಗ್. ಸೋರಿದ ಕರೆಂಟು ಮುಟ್ಟಿದವರ ಮೈಗೆ ಹತ್ತದೆ ಭೂಮಿಗೆ ಇಳಿಯಲೆಂದು. ಸಾಕೆಟ್ಟುಗಳ ಲೈನನ್ನು ಮೊದಲೇ ಆಫ್ ಮಾಡಿದ್ದಳು; ಎರಡನೆಯ ಸಾಕೆಟ್ ಬಿಚ್ಚಿದಳು. ಗೇಣುದ್ದ. ಮೂರನೆಯದೂ ಅಷ್ಟೇ. ಬಚ್ಚಲಿನಲ್ಲಿ ಗೀಸರಿನ ಹಿಂದಿನದನ್ನೂ ಬಿಚ್ಚಿದಳು. ಅದೂ ಗೇಣುದ್ದವೇ.

"ಒಂದಕ್ಕೂ ಅರ್ಥ್ ಇಲ್ವಾ ಅಪ್ಪಾ?"

"ಚೆಕ್ ಮಾಡೋಕೆ ಬರೋರು ಹಸಿರು ಕಾಣುತ್ತಾ ಅಂತ ನೋಡ್ತಾರೆ, ಟಿಕ್ ಹಾಕ್ತಾರೆ, ಹೋಗ್ತಾರೆ. ನಿನ್ನ ಹಾಗೆ ಹಗ್ಗಜಗ್ಗಾಟ ಆಡಲ್ಲ."

"ನಕ್ಷೆಯಲ್ಲಿ..."

"ಪುಟ್ಟೀ, ನಕ್ಷೆ ಬರೆಯೋನಿಗೇನು, ಮೂರು ಗೆರೆ ಎಳೆದು ಕೈ ತೊಳ್ಕೋತಾನೆ. ಪ್ರತಿಯೊಂದಕ್ಕೂ ಗೋಡೆ ಕೊರೆದು, ಅರ್ಥ್ ಇಳಿಸೋಕೆ ಹೊರಗೆ ಆಳುದ್ದ ಗುಂಡಿ ತೋಡಬೇಕಾದೋನು ನಾನು. ಮೂವತ್ತು ವರ್ಷದಿಂದ ಹೀಗೇ ಮಾಡ್ತಿದೀನಿ. ಯಾರಿಗೆ ಏನಾಗಿದೆ ಹೇಳು?"

ಯಾರಿಗೆ ಏನಾಗಿದೆ ಎಂದು ಅವನು ಯಾವತ್ತಾದರೂ ಹಿಂತಿರುಗಿ ಹೋಗಿ ಕೇಳಿದ್ದನೇ? ಎಷ್ಟು ಮನೆಗಳು, ಎಷ್ಟು ಬಚ್ಚಲುಗಳು. ಅಪ್ಪ ಸ್ಕ್ರೂ ತಿರುಗಿಸುತ್ತಲೇ ಇದ್ದ.

"ನಮ್ಮ ಮನೇಲೂ ಹೀಗೇನಾ?" ಅವಳು ಕೇಳಿದಳು.

ಅಪ್ಪನ ಕೈ ನಿಂತಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ಮುಖದಲ್ಲಿ ನೋವು ಕಾಣಿಸಿತು.

"ಛೀ, ಎಂಥ ಮಾತು ಆಡ್ತೀಯೇ! ನಮ್ಮನೆ ವೈರಿಂಗ್ ಮಾಡಿದಾಗ ನೀನು ಅಂಬೆಗಾಲಿಡ್ತಿದ್ದೆ. ನಾನೇ ನಿಂತು ಎರಡೆರಡು ಗುಂಡಿ ತೋಡಿಸಿದೀನಿ. ನನ್ನ ಮಗು ಇರೋ ಮನೆಗೆ ಹೀಗೆ ಮಾಡ್ತೀನಾ?"

ಅವಳು ಮಕ್ಕಳ ಕೋಣೆಯನ್ನು ದಾಟಿ ಹೋಗಿ ಮೈನ್ ಸ್ವಿಚ್ಚನ್ನು ಕೆಳಗೆಳೆದಳು. ಪುಟ್ಟ ಪುಟ್ಟ ಮಂಚಗಳ ಮೇಲೆ ತಿರುಗುತ್ತಿದ್ದ ಫ್ಯಾನುಗಳು ನಿಧಾನವಾಗಿ, ಒಂದಾದ ಮೇಲೊಂದು, ನಿಂತವು.